ಸ್ಟ್ರೈಕ್ ಬೀಳುವಾಗ ಮಾತಾಡಬಾರದು

ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ಗಿರೀಶ ಹೂವು ಹಿಡಿದು ನಿಂತಿರಲಿಲ್ಲ. ಹಳೇ ಬೌಲಿಂಗ್ ಮ್ಯಾಚಿನ ವಿಡಿಯೋ ಕ್ಯಾಸೆಟ್ ಹಿಡಿದು ನಿಂತಿದ್ದ. ವೇದಾಗೆ ನಗು ಬಂತು. ನಲವತ್ತು ದಾಟಿದ ಮೇಲೆ ಇದೆಲ್ಲ ಬೇಕಿತ್ತಾ ನನಗೆ ಅಂತ ತನ್ನನ್ನೇ ಬೈದುಕೊಂಡಳು.

ಇಬ್ಬರಿಗೂ ಒಂದೇ ಹುಚ್ಚು. ಕ್ರಿಕೆಟ್ ಬೌಲಿಂಗ್ ಅಲ್ಲ ಮತ್ತೆ, ಮರದ ಹಾಸಿನ ಮೇಲೆ ಭಾರದ ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ. ಕೇಬಲ್ ಟಿವಿ ಹೊಸದಾಗಿ ಬಂದ ಕಾಲದಲ್ಲಿ ಅವಳು ಮೈಸೂರಿನಲ್ಲಿ, ಅವನು ಬೆಂಗಳೂರಿನಲ್ಲಿ, ಮನೆಯವರು ಎಷ್ಟು ಬೈದರೂ ಕೇಳದೆ ಅಮೆರಿಕದ ಪ್ರೊಫೆಷನಲ್‌ಗಳ ಮ್ಯಾಚು ನೋಡುತ್ತಾ ಬೆಳೆದವರು. ಪರಿಚಯವಾಗಿದ್ದು ಇಬ್ಬರೂ ಆಸ್ಟ್ರೇಲಿಯಾ ಸೇರಿದ ಮೇಲೆ, ಆನ್‌ಲೈನಿನಲ್ಲಿ, ಅಂಥದೇ ಹುಚ್ಚರ ಗ್ರೂಪಿನಲ್ಲಿ.

ಆಮೇಲಿಂದ ಪ್ರತಿ ಭಾನುವಾರ ಸಂಜೆ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಅವಳು, ಮೆಲ್ಬರ್ನಿನಲ್ಲಿ ಅವನು, ಒಂದೇ ಹಳೇ ಮ್ಯಾಚು ಹಾಕಿಕೊಂಡು ಫೋನ್ ಕಿವಿಗಿಟ್ಟುಕೊಂಡು ಕೂರೋದು. ಗೆದ್ದವರು ಯಾರು ಅಂತ ಗೊತ್ತಿದ್ದವರು ಬಾಯಿ ಬಿಡುವ ಹಾಗಿಲ್ಲ. ಒಬ್ಬ ಆಟಗಾರ ಸಾಲಾಗಿ ಸ್ಟ್ರೈಕ್ ಹೊಡೆಯುತ್ತಿದ್ದರೆ, ಅಂದರೆ ಒಂದೇ ಏಟಿಗೆ ಹತ್ತೂ ಪಿನ್ ಉರುಳಿಸುತ್ತಿದ್ದರೆ, ಯಾರೂ ತುಟಿ ಬಿಚ್ಚುವ ಹಾಗಿಲ್ಲ, ಆಟ ಕೆಡುತ್ತೆ. ಟಿವಿಯಲ್ಲೂ ಆಗ ಎದುರಾಳಿ ದೂರ ಸರಿದು ಕೂರುತ್ತಿದ್ದ. ಅಂಥ ಹೊತ್ತಲ್ಲಿ ಫೋನಿನಾಚೆ ಗಿರೀಶನ ಉಸಿರು ಮಾತ್ರ ಕೇಳಿಸುತ್ತಿತ್ತು. ವೇದಾ ಮನಸ್ಸು ಕೊಟ್ಟಿದ್ದು ಆ ಮೌನಕ್ಕೇ.

ಈಗ ಆಫೀಸಿನವರು ಮೆಲ್ಬರ್ನಿಗೆ ಟ್ರಾನ್ಸ್‌ಫರ್ ಕೊಡ್ತೀವಿ, ಸೋಮವಾರದೊಳಗೆ ಹೇಳಿ ಅಂದಿದ್ದರು. ಗ್ರೂಪಿನವರ ಕೂಟಕ್ಕೆ ಅಂತ ಒಂದು ದಿನದ ಮಟ್ಟಿಗೆ ಮೆಲ್ಬರ್ನಿಗೆ ಹೊರಡುವ ಮುಂಚೆ ಅವನಿಗೆ ಫೋನಿನಲ್ಲಿ ನಾಚಿಕೆ ಬಿಟ್ಟು ಹೇಳಿದ್ದಳು: "ಬನ್ನಿ ಅಂತ ನೀವೊಂದು ಮಾತು ಅನ್ನಿ, ಬಂದುಬಿಡ್ತೀನಿ. ಆದ್ರೆ ನನ್ನ ಮುಖ ನೋಡಿ ಅನ್ನಬೇಕು." ಅವನು ಹೂಂ ಅಂದಿದ್ದ.

ಏರ್‌ಪೋರ್ಟಿನಿಂದ ಬರುವಾಗ ಕಾರಿನಲ್ಲಿ ಅವನದು ಬರೀ ಕ್ಯಾಸೆಟ್ಟಿನ ಕಥೆ. ಬೌಲಿಂಗ್ ಸೆಂಟರಿನಲ್ಲಿ ಗ್ರೂಪಿನವರೆಲ್ಲ ಸೇರಿದ್ದರು. ಹಳೇ ಫೈನಲ್ ನೋಡಿ, ಹಳೇ ಆಟಗಾರರನ್ನು ನೆನೆದು, ಕೊನೆಗೆ ತಮಾಷೆಗೆ ಒಂದು ಗೇಮ್ ಶುರುವಾಯಿತು. ಅರ್ಧದಷ್ಟು ಪಿನ್ ಬೀಳಿಸಲೂ ಬಾರದ ವೇದಾಗೆ ಅವತ್ತೇನು ಬಂದಿತ್ತೋ, ಸ್ಟ್ರೈಕ್ ಮೇಲೆ ಸ್ಟ್ರೈಕ್. ಎಲ್ಲರೂ ಮೆಲ್ಲಗೆ ದೂರ ಸರಿದರು. ಗಿರೀಶನೂ ಹೋಗಿ ಕೊನೇ ಬೆಂಚಿನಲ್ಲಿ ಕೂತ.

ಸಂಜೆಗೆ ವಾಪಸ್ ಫ್ಲೈಟು. ಪ್ರತಿ ಚೆಂಡಿನ ನಂತರ ಅವಳು ತಿರುಗಿ ನೋಡುತ್ತಿದ್ದಳು. ಕಣ್ಣು ಕೂಡಿದ ಕೂಡಲೇ ಅವನ ಕಿವಿ ಕೆಂಪಾಗುತ್ತಿತ್ತು, ಕೈ ಶೂ ಲೇಸಿಗೆ ಹೋಗುತ್ತಿತ್ತು. ಒಮ್ಮೆ ತುಟಿ ಅಲುಗಿತು, ಮಾತು ನುಂಗಿಕೊಂಡ. ಪಾಪ, ನಿಯಮ ಅಡ್ಡ ಬರ್ತಿದೆ ಅಂದುಕೊಂಡಳು ವೇದಾ. ಇನ್ನೊಂದೆರಡು ಸ್ಟ್ರೈಕ್ ಬಿದ್ದಿದ್ದರೆ ಒಂದೇಟೂ ತಪ್ಪದ, ಜನ್ಮದಲ್ಲಿ ಒಮ್ಮೆ ಸಿಗುವ ಪರ್ಫೆಕ್ಟ್ ಗೇಮ್. ಅವಳು ಚೆಂಡನ್ನು ಬೇಕಂತಲೇ, ಒಂದು ಪಿನ್ನೂ ಬೀಳದ ಹಾಗೆ, ಹಾಸಿನ ಪಕ್ಕದ ಗಟರಿಗೆ ಬಿಟ್ಟಳು.

ಎಲ್ಲರೂ ಉಸಿರು ಬಿಟ್ಟರು. ಗಿರೀಶ ಎದ್ದು ಹತ್ತಿರ ಬಂದ. ಅವಳು ಅವನ ಕಡೆಗೇ ಮುಖವೆತ್ತಿ ನಿಂತಳು.

"ಛೆ, ಎಂಥಾ ಗೇಮ್ ಹಾಳು ಮಾಡ್ಕೊಂಡ್ರಲ್ರೀ," ಅಂದ.

ಅಷ್ಟೇ. ಏರ್‌ಪೋರ್ಟಿನ ದಾರಿಯಲ್ಲೂ ಅದೇ ಗಟರ್ ಬಾಲಿನ ಮಾತು. ಫ್ಲೈಟಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಅತ್ತಳು. ಸೋಮವಾರ ಆಫೀಸಿಗೆ ಆಗಲ್ಲ ಅಂದುಬಿಟ್ಟಳು.

ಮುಂದಿನ ಭಾನುವಾರ ಗಿರೀಶ ಏನೂ ಆಗದವನ ಹಾಗೆ ಫೋನ್ ಮಾಡಿದ. ಎಡಗೈ ಆಟಗಾರನೊಬ್ಬನ ಹಳೇ ಮ್ಯಾಚು ಶುರುವಾಯಿತು. ಟ್ರಾನ್ಸ್‌ಫರ್ ಬೇಡ ಅಂದೆ ಅಂತ ಅವಳು ತಿಳಿಸಿದಳು. ಆಚೆ ಅವನು ಟಿವಿಯ ಸದ್ದು ತಗ್ಗಿಸಿದ.

"ಬಂದೇ ಬರ್ತೀರಿ ಅಂದ್ಕೊಂಡು ಇಬ್ಬರಿಗಾಗೋ ಸೋಫಾ ತಂದಿಟ್ಟಿದ್ದೆ. ಬಾಯಿ ಬಿಟ್ಟು ಹೇಳಲೇಬೇಕಿತ್ತಾ?"

ಸೋಫಾಗೆ ಗೊತ್ತಾಗಿದ್ದು ನನಗೆ ಗೊತ್ತಾಗಬಾರದಿತ್ತಾ ಅಂತ ವೇದಾಗೆ ಸಿಟ್ಟು ಬಂತು.

"ಈ ಮ್ಯಾಚಲ್ಲಿ ಎಡಗೈಯವನು ಸೋಲ್ತಾನೆ ಕಣ್ರೀ. ಮುಂದೆ ನೋಡೋಕೇನಿಲ್ಲ," ಅಂತ ಮೊದಲ ಸಲ ಅವರ ನಿಯಮ ಮುರಿದಳು.

ಆಚೆ ಅವನ ಉಸಿರು ಕೇಳಿಸುತ್ತಿತ್ತು. ಟಿವಿಯಲ್ಲಿ ಯಾರೂ ಸ್ಟ್ರೈಕ್ ಹೊಡೆಯುತ್ತಿರಲಿಲ್ಲ. ಆದರೂ ಅವನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಕಾದು, ಅವಳು ಫೋನ್ ಇಟ್ಟಳು.