ಕೊನೆಯ ಸರ್ಗ ಸುಟ್ಟವರು

“ನಾನು ಕದ್ದಿಲ್ಲ ಸರ್. ಆದ್ರೂ ಮೇಷ್ಟ್ರ ಮನೆ ಬಾಗಿಲು ನನಗೆ ಮುಚ್ಚಿಹೋಯ್ತು.”

ರಾಗಿಗುಡ್ಡದ ಚಂದ್ರಹಾಸನ ಮನೆಯಲ್ಲಿ ಕೂತು ಜ್ಞಾನೇಶ್ ಅಳುತ್ತಿದ್ದ. ಚಂದ್ರಹಾಸ ನೀರಿನ ಲೋಟ ಮುಂದಿಟ್ಟ. ಅವನ ಗೆಳೆಯ, ನಿವೃತ್ತ ಇನ್ಸ್‌ಪೆಕ್ಟರ್ ಮುರುಗೇಶಪ್ಪ, ಆಗಲೇ ಚಪ್ಪಲಿ ಮೆಟ್ಟಿದ್ದ. “ನಡಿ ಮಾರಾಯ, ಭದ್ರಾವತಿಗೆ.”

ಕಾಗದನಗರದಲ್ಲಿ ಮಗಳು ಸೌಂದರ್ಯಳ ಕ್ವಾರ್ಟರ್ಸ್‌ನಲ್ಲಿ ವಿಶ್ವಾರಾಧ್ಯ ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಮಧ್ಯಯುಗದ ಇಂಗ್ಲಿಷ್ ಕಥನಕಾವ್ಯವೊಂದನ್ನು ಕನ್ನಡಕ್ಕೆ ತರುವುದೇ ಅವರ ಉಸಿರಾಗಿತ್ತು. ಅದರ ಕಥೆ: ಯುದ್ಧದಲ್ಲಿ ಸೋತು ಬಂದು ಸಾಯುತ್ತಿರುವ ಸರದಾರನಿಗೆ ಹೆಂಡತಿ ‘ನೀವು ಗೆದ್ದಿರಿ’ ಎನ್ನುತ್ತಾಳೆ. ಪ್ರೀತಿಗಾಗಿ ಆಡಿದ ಸುಳ್ಳು ಪಾಪವೇ? ತೀರ್ಪು ಕೊನೆಯ ಸರ್ಗದಲ್ಲಿತ್ತು. ಸೋಮವಾರ ಸಂಜೆ ನೋಡಿದರೆ, ಹಿಂದಿನ ರಾತ್ರಿ ಬರೆದು ಮುಗಿಸಿದ್ದ, ಇನ್ನೂ ಟೈಪ್ ಆಗದಿದ್ದ ಆ ಹಾಳೆಗಳೇ ಇಲ್ಲ. ಟೈಪ್ ಮಾಡಲು ಬರುತ್ತಿದ್ದ ಶಿಷ್ಯ ಜ್ಞಾನೇಶನನ್ನು ಸೌಂದರ್ಯ ಹೊರಗೆ ಹಾಕಿದ್ದಳು.

ಉಳಿದ ಸರ್ಗಗಳು, ಇಂಗ್ಲಿಷ್ ಪುಸ್ತಕ, ಎರಡೂ ಮೇಜಿನ ಮೇಲೇ ಇದ್ದವು. ಪಕ್ಕದಲ್ಲಿ, ಮೇಷ್ಟ್ರು ಬರೆಯುವಂಥದೇ ಗೆರೆ ಹಾಕಿದ ಕಾಗದದ ಬಿಚ್ಚದ ಕಟ್ಟು.

“ಇದನ್ನ ಯಾವಾಗ ತಂದ್ರಿ?” ಮುರುಗೇಶಪ್ಪ ಕೇಳಿದ.

“ಅಮ್ಮ ಸೋಮವಾರ ಬೆಳಿಗ್ಗೆ ತಂದ್ರು,” ಎಂದಳು ಸೌಂದರ್ಯ. “ಅಪ್ಪನ್ನ ಡಾಕ್ಟ್ರು ಕೈಬಿಟ್ಟಿದಾರೆ ಸರ್. ಈ ಕೆಲಸಕ್ಕೋಸ್ಕರವೇ ಜೀವ ಹಿಡ್ಕೊಂಡಿದಾರೆ ಅಂತಾರೆ.”

ಮರುದಿನ ಮುರುಗೇಶಪ್ಪ ಜ್ಞಾನೇಶನನ್ನೂ ಕರೆದುಕೊಂಡು ಬಂದು ಎಲ್ಲರನ್ನೂ ಹಾಸಿಗೆಯ ಸುತ್ತ ಕೂರಿಸಿದ.

“ಹೆಸರಿನ ಆಸೆಗೆ ಕದಿಯೋನು ಇಡೀ ಕಾವ್ಯ ಒಯ್ತಿದ್ದ. ಇಲ್ಲಿ ಕೊನೆ ಸರ್ಗ ಮಾತ್ರ ಹೋಗಿದೆ, ಮೂಲ ಪುಸ್ತಕ ಉಳಿದಿದೆ. ಅಂದ್ರೆ ಮೇಷ್ಟ್ರು ಮತ್ತೆ ಬರೀಬೇಕು ಅನ್ನೋದೇ ಕದ್ದವರ ಆಸೆ. ಹಾಳೆ ಇಲ್ಲ ಅಂತ ಗೊತ್ತಾಗಿದ್ದು ಸಂಜೆ. ಮತ್ತೆ ಬರೆಯೋಕೆ ಕಾಗದ ಬಂದಿದ್ದು ಬೆಳಿಗ್ಗೆ.” ಅವನ ದನಿ ತಗ್ಗಿತು. “ಮುಗಿದ ಕೆಲಸಕ್ಕೆ ಹೊಸ ಕಾಗದ ಯಾಕೆ ಬೇಕಿತ್ತು, ಜಗದಾಂಬಮ್ಮಾ?”

ಚಂದ್ರಹಾಸ ತಲೆ ತಗ್ಗಿಸಿದ. ಮೇಷ್ಟ್ರ ಹೆಂಡತಿಯ ಮುಖ ನೋಡಲು ಅವನಿಂದಾಗಲಿಲ್ಲ.

“ಬಚ್ಚಲೊಲೆಗೆ ಹಾಕಿದೆ,” ಎಂದರು ಜಗದಾಂಬಾ. “ಮುಗಿದ್ರೆ ಹೊರಟೇಬಿಡ್ತಾರೆ ಅಂತ ಹೆದರಿಕೆ ಆಯ್ತು.” ಜ್ಞಾನೇಶನ ಕಡೆ ತಿರುಗಿದರು. “ಆರೋಪ ನಿನ್ನ ಮೇಲೆ ಬಂದಾಗಲೂ ಬಾಯಿ ಬಿಡ್ಲಿಲ್ಲ. ಅದು ಪಾಪವೇ ಕಣಪ್ಪ.”

ಮೇಷ್ಟ್ರು ಕಣ್ಣು ತೆರೆದು ಹೆಂಡತಿಯನ್ನು ನೋಡಿದರು.

“ಆ ಕಾವ್ಯದಲ್ಲಿ ಏನು ತೀರ್ಪು ಕೊಟ್ಟಿದಾರೆ?” ಹೆಂಡತಿ ಕೇಳಿದರು.

“ಬರೆದವನು ಸನ್ಯಾಸಿ ಕಣೇ. ಅವನಿಗೆ ಹೆಂಡ್ತಿ ಇರ್ಲಿಲ್ಲ. ಬಾ, ಕೂತ್ಕೋ. ನಾನು ಹೇಳ್ತೀನಿ, ನೀನು ಬರಿ.”

ಆ ಸರ್ಗ ಅರ್ಧವೂ ಆಗಲಿಲ್ಲ. ಶ್ರಾವಣ ಶುರುವಾಗುವ ಮೊದಲೇ ಮೇಷ್ಟ್ರು ಹೋದರು. ಸುದ್ದಿ ಕೇಳಿ ಬಂದ ಜ್ಞಾನೇಶ್ ಗೇಟಿನ ಹೊರಗೇ ನಿಂತಿದ್ದ. ಸೌಂದರ್ಯ ತಾನೇ ಹೊರಗೆ ಬಂದಳು, ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ತಂದೆಯ ಪಾದದ ಬಳಿ ಕೂರಿಸಿದಳು.