ತಪ್ಪಿದ ಎಣಿಕೆ

ಸೊಟ್ಟಗಾಗಿದೆ ಎಂದು ಭಾವ ಎರಡು ತಿಂಗಳಿಂದ ಗೊಣಗುತ್ತಿದ್ದ ಬಾಗಿಲಲ್ಲೇ ಇಲಿಯಮ್ಮ ನಿಂತು ಅಳುತ್ತಿದ್ದಳು. ಕಣ್ಣಿನ ಪ್ರಯೋಗಾಲಯದಲ್ಲಿ ಇಲಿ ಸಾಕುವವಳಿಗೆ ಎಲ್ಲರೂ ಇಟ್ಟ ಹೆಸರು ಅದು.

"ಅಕ್ಕಾ, ನಾನು ಗೂಡಿನ ಇಲಿಗಳನ್ನ ಅದಲುಬದಲು ಮಾಡಿದೀನಂತೆ. ನಾಳೆ ಕೆಲಸದಿಂದ ತೆಗೀತಾರೆ. ಹಾಗಂತ ಹೇಳಿದ್ದು ನಿಮ್ಮ ಯಜಮಾನ್ರೇ."

ಅಕ್ಕ ಪೊಲೀಸ್ ಕೆಲಸದಿಂದ ನಿವೃತ್ತಳಾದರೂ ಒಗಟುಗಳು ಅವಳನ್ನು ಬಿಟ್ಟಿರಲಿಲ್ಲ. ಅವಳ ಬಾಲ ನಾನು, ತಮ್ಮ. ಭಾವ ಆ ಪ್ರಯೋಗಾಲಯದಲ್ಲಿ ಹನ್ನೆರಡು ವರ್ಷದಿಂದ ಇಲಿಗಳ ಕಣ್ಣಿನ ಚಿತ್ರ ನೋಡಿ ರಕ್ತನಾಳ ಎಣಿಸುತ್ತಿದ್ದರು. ಗಾಯವಾದ ಕಣ್ಣನ್ನು ಶುಚಿ ಮಾಡಲು ಬರುವ ಬಿಳಿ ರಕ್ತಕಣಗಳೇ ಅಲ್ಲಿ ಬೇಡದ ನಾಳ ಬೆಳೆಸುತ್ತವೆ. ಆ ಕಣ ತೆಗೆದ ಇಲಿಗಳಲ್ಲಿ ಕೆಟ್ಟ ನಾಳ ಕಡಿಮೆ ಇರುತ್ತಿತ್ತು. ಎರಡು ತಿಂಗಳಿಂದ ಮಾತ್ರ ಎಲ್ಲ ಇಲಿಗಳಲ್ಲೂ ವಿಪರೀತ.

ನಾವಿಬ್ಬರೂ ಪ್ರಯೋಗಾಲಯದ ಉಗ್ರಾಣಕ್ಕೆ ಹೋದಾಗ ಭಾವ ವಾಪಸು ಕಳಿಸಿದ್ದ, ಎಣಿಕೆ ಬರೆಯುವ ಚೌಕುಳಿ ಹಾಳೆಗಳ ಕಟ್ಟು ಸಿಕ್ಕಿತು. ಮೇಲೆ ಅವರದೇ ಅಕ್ಷರ: 'ಗೆರೆ ಸೊಟ್ಟ.' ಅಕ್ಕ ಸ್ಕೇಲಿಟ್ಟು ನೋಡಿದಳು. ಗೆರೆ ನೇರವಾಗಿತ್ತು. ಅವಳು ಹಳೆಯ ಚಿತ್ರಗಳ ಕಪಾಟಿನತ್ತ ನಡೆದಳು.

ಸಂಜೆ ಎಣಿಕೆಯ ಕೋಣೆಯಲ್ಲಿ ಪ್ರಯೋಗಾಲಯ ನಡೆಸುವ ಕಣ್ಣಿನ ಡಾಕ್ಟರು, ಇಲಿಯಮ್ಮ, ಭಾವ, ಅಕ್ಕ, ನಾನು ಸೇರಿದೆವು.

"ಅದಲುಬದಲಾಗಿದ್ರೆ ಕೆಲವು ಹೆಚ್ಚು, ಕೆಲವು ಕಡಿಮೆ ಇರ್ಬೇಕಿತ್ತು," ಎಂದಳು ಅಕ್ಕ. "ಇಲ್ಲಿ ಎಲ್ಲವೂ ಹೆಚ್ಚು. ಮಧ್ಯಾಹ್ನ ಹೋದ ವರ್ಷದ ಚಿತ್ರವನ್ನೇ ಹೊಸದು ಅಂತ ಇವರಿಗೆ ಕೊಡಿಸಿದೆ. ಆಗ ಒಂಬತ್ತು ಅಂದಿದ್ರು, ಇವತ್ತು ಇಪ್ಪತ್ತಮೂರು. ಚಿತ್ರದೊಳಗಿನ ಇಲೀನ ಯಾರು ಬದಲಾಯಿಸ್ತಾರೆ? ಒಳ್ಳೆ ನಾಳ ನೇರ, ಕೆಟ್ಟದ್ದು ಸೊಟ್ಟ. ಇವರಿಗೆ ನೇರವಾದದ್ದೂ ಸೊಟ್ಟ ಕಾಣ್ತಿದೆ." ಅವಳು ಭಾವನ ಭುಜದ ಮೇಲೆ ಕೈಯಿಟ್ಟಳು. "ಇವರು ಎಣಿಸೋ ರೋಗ ಇವರ ಕಣ್ಣಲ್ಲೇ ಇದೆ. ಬಾಗಿಲು ಸೊಟ್ಟ ಅಂದಾಗ, ನಿಮ್ಮ ತಲೆ ಸೊಟ್ಟ ಅಂತ ನಕ್ಕವಳು ನಾನು."

ದೀಪದ ಬುಡದಲ್ಲೇ ಕತ್ತಲೆ. ನಾನೂ ಆ ದಿನ ಜೊತೆಗೆ ನಕ್ಕಿದ್ದೆ.

ಡಾಕ್ಟರು ಆಗಲೇ ಭಾವನ ಕಣ್ಣಿನ ಚಿತ್ರ ತೆಗೆದರು. "ಗುಡಿಸೋಕೆ ಬಂದ ಕಣಗಳೇ ಮನೆ ಕೆಡವಿವೆ," ಎಂದರು ಮೆಲ್ಲಗೆ. "ಬಲಗಣ್ಣು ಇಂಜೆಕ್ಷನ್‌ನಿಂದ ಉಳಿಯಬಹುದು. ಎಡಗಣ್ಣಿನ ನಡುಭಾಗದ ನೋಟ ಹೋಯಿತು. ಎರಡು ತಿಂಗಳ ಹಿಂದೆ ಬಂದಿದ್ದರೆ..."

ಭಾವ ತಮ್ಮದೇ ಕಣ್ಣಿನ ಚಿತ್ರವನ್ನು ಇಲಿಯಮ್ಮನ ಕೈಗಿಟ್ಟರು. "ತಪ್ಪಾಯ್ತಮ್ಮ. ಇದನ್ನ ನೀನೇ ಎಣಿಸು."

ಅವಳು ಬೆರಳಿಟ್ಟು ಎಣಿಸತೊಡಗಿದಳು. ಹದಿನಾಲ್ಕು ಎನ್ನುವಾಗ ಅಕ್ಕ ಅವಳ ಕೈ ಹಿಡಿದಳು. "ಸಾಕು ಕಣಮ್ಮ."

"ಎಣಿಸ್ಲಿ ಬಿಡೇ," ಎಂದರು ಭಾವ. "ಅರ್ಧ ಎಣಿಕೆ ನಾನು ಯಾವತ್ತೂ ಕೊಟ್ಟವನಲ್ಲ."