ಹನ್ನೆರಡನೇ ತಾರೀಖಿನ ತಿದ್ದುಪಡಿ

ಗಾಡಿ ನಿಲ್ಲಲಿಲ್ಲ.

ಸೋಮವಾರ ಬೆಳಿಗ್ಗೆ, ಪಿಂಪ್ರಿಯ ಟೆಸ್ಟಿಂಗ್ ಶೆಡ್ಡಿನ ಅಂಗಳದಲ್ಲಿ, ಶಿವಪ್ರಕಾಶ ಹೊಸ ಎಲೆಕ್ಟ್ರಿಕ್ ಸ್ಕೂಟರಿನ ಬ್ರೇಕ್ ಹಿಡಿದ. ಇನ್ನೂ ಬಿಗಿಯಾಗಿ ಹಿಡಿದ. ಮೋಟಾರು ಕೇಳಲಿಲ್ಲ. ಸ್ಕೂಟರ್ ಸೀದಾ ಹೋಗಿ ಗೋಡೆಗೆ ಗುದ್ದಿತು. ಗಾಡಿಯ ಪರದೆ ಪುಡಿಪುಡಿ, ಶಿವಪ್ರಕಾಶನ ಭುಜದ ಎಲುಬು ಎರಡು ತುಂಡು. ಪ್ರಜ್ಞೆ ತಪ್ಪಿದ್ದ ಅವನನ್ನು ಬೆನ್ನ ಮೇಲಿನ ಬ್ಯಾಗಿನ ಸಮೇತ ಆಂಬುಲೆನ್ಸಿಗೆ ಹಾಕಿದರು.

ಬ್ರೇಕ್ ಹಿಡಿದದ್ದನ್ನು ಮೋಟಾರಿಗೆ ತಿಳಿಸುವ ವೈರು ಸಡಿಲವಾಗಿತ್ತು. ಅದು ದೊಡ್ಡ ಮಾತಲ್ಲ, ವೈರು ಸಡಿಲವಾಗುವುದುಂಟು. ಹಾಗಾದರೂ, ಬ್ರೇಕ್ ಹಿಡಿದು ಚಕ್ರದ ವೇಗ ತಗ್ಗಿದೊಡನೆ ಮೋಟಾರು ತಾನಾಗಿ ಬಂದ್ ಆಗಲೆಂದೇ ಸಾಫ್ಟ್‌ವೇರಿನಲ್ಲಿ ಒಂದು ಕಾವಲು ಇಟ್ಟಿದ್ದರು. ಆ ಕಾವಲನ್ನೇ ಯಾರೋ ಕಿತ್ತುಹಾಕಿದ್ದರು.

ಯಾರು ಎಂದು ಮಧ್ಯಾಹ್ನದ ಹೊತ್ತಿಗೆ ವಾಕಡದಲ್ಲಿದ್ದ ಕಂಪನಿಯ ಆಫೀಸಿಗೆಲ್ಲ ಗೊತ್ತಾಯಿತು. ಕಂಪ್ಯೂಟರ್ ಸ್ಪಷ್ಟವಾಗಿ ಹೇಳುತ್ತಿತ್ತು. ಹನ್ನೆರಡನೇ ತಾರೀಖು ಮಧ್ಯಾಹ್ನ, ಪಿಂಪ್ರಿ ಶೆಡ್ಡಿನ ಕಂಪ್ಯೂಟರಿನಿಂದ, ಸಿಂಧೂರ.

* * *

"ನಾನು ಮಾಡಿಲ್ಲ ಅಕ್ಕಾ," ಎಂದಳು ಸಿಂಧೂರ. ಹಾಸನದ ಹುಡುಗಿ. ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳು ತುಂಬಿಲ್ಲ, ಖಾಯಂ ಆಗಿಲ್ಲ. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಅಳೂದು ಆಮ್ಯಾಲ ಇಟ್ಕೋ," ಎಂದಳು ಉಮಾವತಿ.

ಉಮಾವತಿಗೆ ಅಳುವವರ ಮುಂದೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಅದಕ್ಕೆ ಗದರುತ್ತಾಳೆ. ಗೋಕಾಕದಿಂದ ಪಿಂಪ್ರಿಯ ಕಾರ್ಖಾನೆಗೆ ಬಂದ ಫಿಟ್ಟರಿನ ಮಗಳು. ಈ ಕಂಪನಿಯಲ್ಲಿ ನಲವತ್ತು ಜನ ಬರೆಯುವ ಕೋಡೆಲ್ಲ ಒಂದೇ ಸರ್ವರಿನಲ್ಲಿ ಸೇರುತ್ತದೆ. ಅದನ್ನು ರೆಪೊ ಎನ್ನುತ್ತಾರೆ. ಯಾರು ಯಾವತ್ತು ಯಾವ ಸಾಲು ತಿದ್ದಿದರೆಂದು ರೆಪೊ ಮರೆಯುವುದಿಲ್ಲ. ಆ ರೆಪೊವನ್ನು ಕಾಯುವವಳು ಉಮಾವತಿ. ಮನೆಯ ಕಪಾಟಿನ ಕೀಲಿಯನ್ನು ಅತ್ತೆ ಕಾದಂತೆ ಕಾಯುತ್ತಾಳೆ.

"ಹನ್ನೆರಡಕ್ಕ ಎಲ್ಲಿದ್ದಿ?"

"ಮನೆಯಿಂದಲೇ ಕೆಲಸ ಮಾಡ್ದೆ. ಜ್ವರ ಇತ್ತು."

"ಜೋಡಿ ಯಾರಿದ್ರು?"

"ಯಾರೂ ಇಲ್ಲ."

ಒಳಗಿನಿಂದ ಡೈರೆಕ್ಟರ್ ಅನಂತರಾಮು ಕರೆದರು. ಪಕ್ಕದಲ್ಲಿ ಟೀಮ್ ಲೀಡ್ ಮಿಥುನ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು.

"ಬುಧವಾರ ಕಸ್ಟಮರ್ ಬರ್ತಾರಮ್ಮ," ಎಂದರು ಅನಂತರಾಮು. "ತಪ್ಪು ಯಾರದ್ದು ಅಂತ ನಾಳೆ ಸಂಜೆ ಒಳಗೆ ಬರೆದುಕೊಡಬೇಕು. ಆ ಹುಡುಗೀನ ಕಳಿಸೋದು ಬಿಟ್ಟು ನನಗೆ ಬೇರೆ ದಾರಿ ಕಾಣ್ತಿಲ್ಲ."

"ಪಾಪ, ಫ್ರೆಶರ್ ಸರ್," ಎಂದ ಮಿಥುನ. "ಬೇಕಂತ ಮಾಡಿರಲ್ಲ. ಆದರೆ ರೆಕಾರ್ಡ್ ಕ್ಲಿಯರ್ ಇದೆಯಲ್ಲ?"

ಬ್ರೇಕಿನ ಕಾವಲು ಕಿತ್ತವಳೆಂಬ ಹೆಸರು ಹೊತ್ತು ಹೊರಗೆ ಬಿದ್ದರೆ, ಗಾಡಿಯ ಧಂದೆಯಲ್ಲಿ ಸಿಂಧೂರಳಿಗೆ ಮತ್ತೆ ಬಾಗಿಲು ತೆರೆಯುವವರಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ನಾಳೆ ಸಂಜಿತನಾ ಟೈಮ್ ಕೊಡ್ರಿ ಸರ್," ಎಂದಳು ಉಮಾವತಿ.

* * *

ಮೊದಲ ಸಂಶಯ ಸಪ್ನಾಳ ಮೇಲೆ. ಪಿಂಪ್ರಿ ಶೆಡ್ಡಿನ ಕಂಪ್ಯೂಟರ್ ಇರುವುದೇ ಅವಳ ವಶದಲ್ಲಿ. ಹಿಂದಿನ ವಾರವಷ್ಟೇ ಸಿಂಧೂರಳ ಜೊತೆ ಜಗಳವಾಡಿದ್ದಳು.

ಎರಡನೆಯದು ಮಂಗಳವಾರ ಬೆಳಿಗ್ಗೆ ಸರ್ವರಿನಲ್ಲಿ ಸಿಕ್ಕಿತು. ಸೋಮವಾರ, ಗಾಡಿ ಗುದ್ದಿದ ಮೇಲೆ, ಯಾರೋ ರೆಪೊದ ಹಳೇ ಇತಿಹಾಸವನ್ನು ಸರಿಸಿ ಅದರ ಜಾಗದಲ್ಲಿ ಬೇರೊಂದನ್ನು ತಂದಿಟ್ಟಿದ್ದರು. ಹಾಗೆ ಒರೆಸಿ ಬರೆಯುವ ಅಧಿಕಾರ ಇದ್ದದ್ದು ಇಬ್ಬರಿಗೇ. ಒಬ್ಬಳು ಉಮಾವತಿ. ಇನ್ನೊಬ್ಬರು ಅನಂತರಾಮು. ಬಳಸಿದ್ದು ಅನಂತರಾಮು ಅವರ ಪಾಸ್‌ವರ್ಡ್.

ಕೇಳಿಯೇಬಿಟ್ಟಳು.

"ಆ ಹೊತ್ತಿಗೆ ನಾನು ಆಸ್ಪತ್ರೆಯಲ್ಲಿ ಶಿವಪ್ರಕಾಶನ ಅಡ್ಮಿಷನ್ ಮಾಡಿಸ್ತಿದ್ದೆ," ಎಂದರು ಅನಂತರಾಮು, ಮುಖ ಕೆಂಪಾಗಿ.

"ಹಂಗಾರ ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತದ ರೀ?"

ಅನಂತರಾಮು ಕನ್ನಡಕ ಒರೆಸಿದರು. "ಯಾರಿಗೆ ಗೊತ್ತಿಲ್ಲ ಅಂತ ಕೇಳಮ್ಮ. ನನಗೆ ಮರೆತುಹೋಗುತ್ತೆ ಅಂತ ಎಲ್ಲರಿಗೂ ಹೇಳಿಟ್ಟಿದ್ದೀನಿ."

ಊರ ಮುಂದಿನ ಅರಳಿಕಟ್ಟೆಗೂ ಈ ಪಾಸ್‌ವರ್ಡಿಗೂ ವ್ಯತ್ಯಾಸವಿರಲಿಲ್ಲ. ಯಾರು ಬೇಕಾದರೂ ಬಂದು ಕೂತು ಹೋಗಬಹುದಿತ್ತು.

"ಸಿಂಧೂರಾನೇ ಇರಬಹುದಲ್ವಾ?" ಎಂದ ಮಿಥುನ. "ಇನ್ನೂ ದೊಡ್ಡದೇನೋ ಮುಚ್ಚಿಡೋಕೆ ಅಳಿಸಿರ್ತಾಳೆ. ಅದಕ್ಕೇ ನಾನು ನಿನ್ನೆಯೇ ಎಲ್ಲರಿಗೂ ಹೇಳ್ದೆ, ಹಳೇ ಕಾಪಿ ಡಿಲೀಟ್ ಮಾಡಿ, ಫ್ರೆಶ್ ಆಗಿ ಇಳಿಸಿಕೊಳ್ಳಿ ಅಂತ. ಸೇಫ್ ಆಗಿರಲಿ ಅಂತ."

"ಛಲೋ ಮಾಡಿದ್ರಿ," ಎಂದಳು ಉಮಾವತಿ. ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಛಲೋ ಏನಾಗಿರಲಿಲ್ಲ. ಹಳೇ ಕಾಪಿ ಒಂದಾದರೂ ಉಳಿದಿದ್ದರೆ ನಿಜ ತಿಳಿಯುತ್ತಿತ್ತು.

ಸಿಂಧೂರ ಮೆಟ್ಟಿಲ ಮೇಲೆ ಕೂತಿದ್ದಳು. ಈಗ ಅಳುತ್ತಿರಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

"ಅಕ್ಕಾ, ಜ್ವರದಲ್ಲಿ ನಾನೇ ಮಾಡಿಬಿಟ್ನಾ? ಮನೆಯಿಂದ ಶೆಡ್ಡಿನ ಕಂಪ್ಯೂಟರಿಗೆ ಲಾಗಿನ್ ಆಗಬಹುದಲ್ಲ? ಶಿವಣ್ಣನ ಕೈ ನಾನೇ ಮುರಿದ್ನಾ?"

ಉಮಾವತಿಗೆ ಸಿಟ್ಟು ಬಂತು. ಕಳ್ಳತನ ಮಾಡುವುದು ಒಂದು ಪಾಪ. ಮಾಡದವಳಿಗೆ ತಾನೇ ಮಾಡಿದೆನೇನೋ ಎನಿಸುವಂತೆ ಮಾಡುವುದು ಅದಕ್ಕಿಂತ ದೊಡ್ಡ ಪಾಪ.

* * *

ಅಷ್ಟರಲ್ಲಿ ಪಿಂಪ್ರಿಯ ಮನೆಯಿಂದ ಅವ್ವ ಬಸವಣ್ಣೆವ್ವನ ಫೋನು ಬಂತು.

"ಯವ್ವಾ, ಈ ಗುರುವಾರ ಊಟಕ್ಕ ಬರ್ತೀಯಿಲ್ಲೋ? ಶೇಂಗಾ ಹೋಳಿಗಿ ಮಾಡಾಕತ್ತೀನಿ. ಹ್ವಾದ ಗುರುವಾರನೂ ತಪ್ಪಿಸಿದಿ."

"ಕೆಲಸ ಅದ ಬೇ."

"ಏನ್ ಕೆಲಸಲೇ! ನಿಮ್ಮಪ್ಪ ಇದ್ದಾಗ ಗುರುವಾರ ಅಂದ್ರ ನಮ್ಮ ಮನ್ಯಾಗ ಆಯಿತವಾರದ ಸೂಟಿ ಇದ್ದಂಗ. ಹ್ವಾದ ಗುರುವಾರ ಕರೆಂಟ್ ಇಲ್ಲಂತ ಒಳ್ಳಾಗ ಚಟ್ನಿ ಕುಟ್ಟಿ ಇಟ್ಟಿದ್ದೆ, ನೀ ಬರಲಿಲ್ಲ."

ಉಮಾವತಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಬೇ, ಹ್ವಾದ ಗುರುವಾರ ಯಾವ ತಾರೀಖು?"

"ನನಗೇನ್ ಗೊತ್ತವಾ? ನೀ ಕಲತಾಕಿ, ನೀ ನೋಡು."

ನೋಡಿದಳು. ಹನ್ನೆರಡು.

ತಕ್ಷಣ ಸಪ್ನಾಳಿಗೆ ಫೋನು ಹಚ್ಚಿದಳು. "ಸಪ್ನಾ, ಹ್ವಾದ ಗುರುವಾರ ಶೆಡ್ಡಿನಾಗ ಯಾರಿದ್ರು?"

"ಗುರುವಾರ ಯಾರ್ ಇರ್ತಾರ್ರಿ ಅಕ್ಕಾ?" ಸಪ್ನಾ ನಕ್ಕಳು. "ನಮ್ಮ ಕಡೆ ಕಾರ್ಖಾನೆ ಸೂಟಿ ಅಲ್ಲೇನ್ರಿ? ರಿಪೇರಿಗಂತ ಮುಂಜಾನೆಯಿಂದ ಸಂಜಿತನಾ ಲೈಟ್ ತೆಗೀತಾರ. ಶೆಡ್ಡಿಗೆ ಜನರೇಟರ್ ಇಲ್ಲ. ಗೇಟಿಗೆ ಬೀಗ."

"ಕಂಪ್ಯೂಟರ್?"

"ಕರೆಂಟ್ ಇಲ್ಲದ ಎಲ್ಲಿ ಕಂಪ್ಯೂಟರ್ರಿ!"

ಅಂದರೆ ಆ ದಿನ ಮಧ್ಯಾಹ್ನ ಆ ಕಂಪ್ಯೂಟರಿನ ಮುಂದೆ ಕೂತೂ, ಮನೆಯಿಂದ ಲಾಗಿನ್ ಆಗಿಯೂ, ಸಾಕ್ಷಾತ್ ಬ್ರಹ್ಮನೂ ಒಂದು ಸಾಲು ತಿದ್ದಲಾರ. ತಿದ್ದುಪಡಿ ಸುಳ್ಳು. ಸುಳ್ಳು ಬರೆದವರಿಗೆ ಪಿಂಪ್ರಿಯ ಗುರುವಾರ ಗೊತ್ತಿಲ್ಲ. ಸಪ್ನಾ ಅಲ್ಲ. ವಾಕಡದ ಎ.ಸಿ. ಬಿಟ್ಟು ಕದಲದ ಯಾರೋ.

ಆದರೆ ಇದು ಅರ್ಧ ಗೆಲುವು. ಕಳ್ಳ ಯಾರೆಂದು ಹೇಳಲು ಹಳೇ ಕಾಪಿ ಬೇಕು. ಎಲ್ಲರೂ ಅಳಿಸಿಬಿಟ್ಟಿದ್ದರು, ಉಮಾವತಿಯೂ. ಮಿಥುನನ ಮೆಸೇಜು ನೋಡದವರು ಯಾರು?

ಪ್ರಜ್ಞೆ ತಪ್ಪಿದ್ದವನು ನೋಡಿರಲಿಕ್ಕಿಲ್ಲ!

ಉಮಾವತಿ ಆಸ್ಪತ್ರೆಗೆ ಆಟೋ ಹಿಡಿದು, ಮರಾಠಿಯಲ್ಲಿ ಅವಸರ ಮಾಡಿದಳು. "ಚಿಂಚವಾಡ, ಲವಕರ ಚಲಾ ದಾದಾ!"

* * *

ಶಿವಪ್ರಕಾಶ ಹಾಸಿಗೆಯ ಮೇಲೆ ಬಲಗೈ ಕಟ್ಟಿಸಿಕೊಂಡು ಮೋಸಂಬಿ ತಿನ್ನುತ್ತಿದ್ದ.

"ನಿನ್ನ ಬ್ಯಾಗ್ ಎಲ್ಲದ?"

"ಏನ್ರಿ ಅಕ್ಕಾ, ಹ್ಯಾಂಗಿದ್ದೀ ಅಂತ ಕೇಳೂದು ಬಿಟ್ಟು!"

"ಹ್ಯಾಂಗಿದ್ದಿ? ಬ್ಯಾಗ್ ಎಲ್ಲದ?"

"ಮಂಚದ ಕೆಳಗ. ಎಲ್ಲಾರಿಗೂ ನನ್ನ ಬ್ಯಾಗೇ ಬೇಕಾಗೇದ. ಈಗಷ್ಟ ಮಿಥುನ ಸರ್ ಫೋನ್ ಮಾಡಿದ್ರು. ಲ್ಯಾಪ್‌ಟಾಪ್ ಒಯ್ಯಾಕ ಬರ್ತಾರಂತ."

ಉಮಾವತಿ ಆಗಲೇ ಬ್ಯಾಗಿನ ಜಿಪ್ಪು ಎಳೆದಾಗಿತ್ತು. ಲ್ಯಾಪ್‌ಟಾಪು ತೆರೆಯಿತು. ಸೋಮವಾರ ಬೆಳಿಗ್ಗೆ, ಗಾಡಿ ಹತ್ತುವ ಮುಂಚೆ, ಶಿವಪ್ರಕಾಶ ರೆಪೊದಿಂದ ಇಳಿಸಿಕೊಂಡ ಕಾಪಿ ಅಲ್ಲೇ ಇತ್ತು. ಇಂಥ ರೆಪೊದ ದೊಡ್ಡ ಗುಣ ಇದೇ. ಕಾಪಿ ಎಂದರೆ ಬರೀ ಇವತ್ತಿನ ಕೋಡಲ್ಲ, ಹುಟ್ಟಿದ ದಿನದಿಂದ ನಡೆದ ಇಡೀ ಇತಿಹಾಸ. ಸರ್ವರಿನಲ್ಲಿ ಒರೆಸಿದರೂ ಪ್ರತಿಯೊಬ್ಬರ ಮಡಿಲಲ್ಲಿ ಉಳಿದಿರುತ್ತದೆ.

ಅವಳು ಓದಿದಳು. ಮುಖದಲ್ಲಿ ನಗು ಹರಡಿತು.

"ಶಿವೂ, ಇದನ್ನ ದಿಂಬಿನ ಕೆಳಗ ಇಟ್ಕೊ. ಅವರು ಬಂದ್ರ?"

"ಮನ್ಯಾಗ ಅದ ಅಂತೀನಿ," ಎಂದ ಶಿವಪ್ರಕಾಶ. "ಅವರು ತಂದ ದಾಳಿಂಬ್ರಿ ಅಷ್ಟ ಇಸ್ಕೋತೀನಿ."

* * *

ಮಂಗಳವಾರ ಸಂಜೆ. ಅನಂತರಾಮು ಅವರ ಕೋಣೆಯಲ್ಲಿ ಮಿಥುನ, ಸಿಂಧೂರ ಇಬ್ಬರೂ ಕೂತಿದ್ದರು. ಮೇಜಿನ ಮೇಲೆ ಸಿಂಧೂರಳ ರಾಜೀನಾಮೆ ಪತ್ರ, ಸಹಿಗೆ ಕಾದಿತ್ತು.

"ಸರ್, ಶನಿವಾರದ ಡೆಮೊ ವಿಡಿಯೋ ಹಾಕ್ರಿ," ಎಂದಳು ಉಮಾವತಿ. "ಮಿಥುನ ಅವರು ಗ್ರೂಪಿನಾಗ ಹಾಕಿದ್ರಲ್ಲ, ಅದು."

ವಿಡಿಯೋ ಓಡಿತು. ಸ್ಕೂಟರಿನ ಪರದೆ ಹೊತ್ತಿಕೊಂಡಿತು. ಮೂಲೆಯಲ್ಲಿ ಸಣ್ಣ ಅಕ್ಷರಗಳು.

"ನಿಲ್ಲಸ್ರಿ. ಅದು ಗಾಡ್ಯಾಗಿನ ಕೋಡಿನ ಬೆರಳಚ್ಚು. ಯಾರು, ಯಾವಾಗ, ಏನು ತಿದ್ದಿದ್ರು, ಅದರ ಹಿಂದ ಏನಿತ್ತು, ಎಲ್ಲಾ ಕೂಡಿಸಿ ಕಂಪ್ಯೂಟರ್ ತಾನ ಮಾಡ್ತದ. ಹೆಸರು ಬದಲಿಸಿದ್ರ ಬೆರಳಚ್ಚು ಬದಲಾಗ್ತದ. ತಾರೀಖು ಬದಲಿಸಿದ್ರೂ ಬದಲಾಗ್ತದ. ಸಿಂಧೂರನ ಹೆಸರಿರೋ ತಿದ್ದುಪಡಿದು ಸರ್ವರಿನಾಗ ಐದರಿಂದ ಶುರು. ಇದನ್ನ ಓದ್ರಿ."

"ಎಂಟು," ಎಂದು ಅನಂತರಾಮು ಪರದೆಗೆ ಮೂಗು ತಾಗಿಸಿ ಓದಿದರು. "ಎಂಟು, ಸಿ, ಎರಡು, ಎಫ್."

ಮೇಜಿನ ಮೇಲಿದ್ದ ಫೋನಿನಿಂದ ಶಿವಪ್ರಕಾಶನ ದನಿ ಬಂತು. "ನನ್ನ ಲ್ಯಾಪ್‌ಟಾಪಿನ್ಯಾಗೂ ಎಂಟು, ಸಿ, ಎರಡು, ಎಫ್ ರೀ ಸರ್."

"ಹೆಸರು ಓದು ಶಿವೂ," ಎಂದಳು ಉಮಾವತಿ.

"ಅದು ಯಾರ ಹೆಸರನ್ನ ಬೇಕಾದರೂ..." ಮಿಥುನ ಎದ್ದು ನಿಂತ. "ನನ್ನ ಹೆಸರು ಯಾರಾದ್ರೂ ಹಾಕಿರಬಹುದು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ನಿಮ್ಮ ಹೆಸರು ಅಂತ ಇನ್ನೂ ಯಾರೂ ಅಂದಿಲ್ಲರಿ," ಎಂದಳು ಉಮಾವತಿ ಮೆಲ್ಲಗೆ. "ಶಿವೂ, ಈಗ ಓದು."

"ಶುಕ್ರವಾರ ಸಂಜಿ. ಮಿಥುನ. ಟಿಪ್ಪಣಿ: ಡೆಮೊಗೆ ಮಾತ್ರ ಕಾವಲು ತೆಗೆದಿದೆ, ಆಮೇಲೆ ವಾಪಸ್ ಹಾಕಬೇಕು."

ಉಮಾವತಿ ಒಂದೊಂದಾಗಿ ಬಿಡಿಸಿದಳು. ರಸ್ತೆಯ ಗುಂಡಿ ಹಾರಿದಾಗಲೆಲ್ಲ ಕಾವಲು ಸುಮ್ಮಸುಮ್ಮನೆ ಗಾಡಿ ನಿಲ್ಲಿಸುತ್ತಿತ್ತು. ಡೆಮೊ ಚೆನ್ನಾಗಿ ಕಾಣಲೆಂದು ಮಿಥುನ ಅದನ್ನು ತೆಗೆದ. ವಾಪಸ್ ಹಾಕಲು ಮರೆತ. ಸೋಮವಾರ ಗಾಡಿ ಗುದ್ದಿತು. ಹೆದರಿದ. ಅನಂತರಾಮು ಅವರ ಪಾಸ್‌ವರ್ಡಿನಿಂದ ಇತಿಹಾಸ ಒರೆಸಿ, ತನ್ನ ಹೆಸರಿದ್ದಲ್ಲಿ ಸಿಂಧೂರಳ ಹೆಸರು ಬರೆದ. ಎಲ್ಲರಿಂದ ಹಳೇ ಕಾಪಿ ಅಳಿಸಿಸಿದ. ಉಳಿದ ದಿನಗಳಲ್ಲಿ ಸಿಂಧೂರ ಎಲ್ಲರ ಕಣ್ಣೆದುರು ಆಫೀಸಿನಲ್ಲೇ ಇದ್ದಳು. ಒಬ್ಬಳೇ ಇದ್ದದ್ದು ಹನ್ನೆರಡಕ್ಕೆ. ಅದಕ್ಕೇ ಆ ತಾರೀಖು ಆರಿಸಿದ. ಅವಳ ಲ್ಯಾಪ್‌ಟಾಪಿನಲ್ಲಿ ಹುಡುಕಿದರೆ ಆ ತಿದ್ದುಪಡಿ ಸಿಗುವುದಿಲ್ಲವೆಂದು ಶೆಡ್ಡಿನ ಕಂಪ್ಯೂಟರಿನ ಹೆಸರು ಹಾಕಿದ.

"ಆದ್ರ ಅದು ಗುರುವಾರ ಇತ್ತು," ಎಂದಳು. "ಪಿಂಪ್ರ್ಯಾಗ ಗುರುವಾರ ಕರೆಂಟ್ ಇರೂದಿಲ್ಲ ಮಿಥುನ ಅವರ. ನಮ್ಮ ಅವ್ವನ್ನ ಕೇಳಿದ್ರೂ ಹೇಳ್ತಿದ್ಲು."

ಮಿಥುನ ಕುರ್ಚಿಗೆ ಕುಸಿದ. "ಆಕ್ಸಿಡೆಂಟ್ ಆಗುತ್ತೆ ಅಂತ ಗೊತ್ತಿರಲಿಲ್ಲ ಸರ್. ಮರೆತುಬಿಟ್ಟೆ, ಅಷ್ಟೇ."

"ಮರೆತದ್ದನ್ನ ಕ್ಷಮಿಸ್ತಿದ್ದೆ," ಎಂದರು ಅನಂತರಾಮು. "ಆ ಮಗು ಮೇಲೆ ಹಾಕಿದ್ಯಲ್ಲ, ಅದನ್ನಲ್ಲ. ನಡಿ ಆಚೆ."

ರಾಜೀನಾಮೆ ಪತ್ರವನ್ನು ಸಿಂಧೂರ ತಾನೇ ಹರಿದಳು. ನಾಲ್ಕು ಚೂರು ಸಾಲದೆಂದು ಎಂಟು ಮಾಡಿದಳು.

"ಸರ್, ಇನ್ನೊಂದು," ಎಂದಳು ಉಮಾವತಿ. "ರೆಪೊ ಒರೆಸೋ ಅಧಿಕಾರ ಈಗಿಂದ ಯಾರಿಗೂ ಇಲ್ಲ. ನನಗೂ ಇಲ್ಲ, ನಿಮಗೂ ಇಲ್ಲ."

"ಪಾಸ್‌ವರ್ಡೂ ಬದಲಾಯಿಸ್ತೀನಮ್ಮ."

"ಬದಲಿಸೀನಿ ರೀ. ನಿಮಗೊಬ್ಬರಿಗೇ ಹೇಳ್ತೀನಿ, ಬಾಗಲಾ ಹಾಕ್ರಿ."

* * *

ಬುಧವಾರ, ಪಿಂಪ್ರಿಯ ಅದೇ ಅಂಗಳ. ಕಸ್ಟಮರಿಗೆ ಅನಂತರಾಮು ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಕಾವಲನ್ನು ಸಿಂಧೂರ ವಾಪಸ್ ಹಾಕಿದ್ದಳು. ತಿದ್ದುಪಡಿಯ ಕೆಳಗೆ ಅವಳ ಹೆಸರು. ಈ ಸಲ ಅವಳೇ ಬರೆದದ್ದು.

"ನಾನೇ ಓಡಿಸ್ತೀನಿ," ಎಂದು ಹೆಲ್ಮೆಟ್ ಹಾಕಿಕೊಂಡಳು.

ಎಲ್ಲರೂ ನೋಡುವಂತೆ ಉಮಾವತಿ ಬ್ರೇಕಿನ ವೈರನ್ನು ಕಿತ್ತು ಕೈಯಲ್ಲಿ ಹಿಡಿದಳು. ಸಪ್ನಾಳ ಫೋನಿನಲ್ಲಿ ಶಿವಪ್ರಕಾಶನ ಮುಖ, ಕಣ್ಣು ಪಿಳಿಪಿಳಿ. ಸ್ಕೂಟರ್ ಹೊರಟಿತು. ವೇಗ ಹಿಡಿಯಿತು. ಗೋಡೆ ಹತ್ತಿರವಾಯಿತು. ಸಿಂಧೂರ ಬ್ರೇಕ್ ಹಿಡಿದಳು.

ಮೋಟಾರಿನ ಸದ್ದು ತಟ್ಟನೆ ಅಡಗಿತು. ಗಾಡಿ ಗೋಡೆಯ ಮುಂದೆ ಬಂದು ನಿಂತಿತು.

"ಗ್ವಾಡಿ ಉಳೀತ್ರೆಪಾ!" ಎಂದು ಫೋನಿನಿಂದ ಶಿವಪ್ರಕಾಶ ಕೂಗಿದ.

ಸಿಂಧೂರ ಹೆಲ್ಮೆಟ್ ತೆಗೆದಳು. ಮೂಗು ಮತ್ತೆ ಕೆಂಪಾಗಿತ್ತು. ಓಡಿ ಬಂದು ಉಮಾವತಿಯನ್ನು ತಬ್ಬಿಕೊಂಡಳು.

"ಅಳೂದು ಈಗ ಅಳು," ಎಂದಳು ಉಮಾವತಿ, ವೈರು ಹಿಡಿದ ಕೈಯಿಂದಲೇ ಅವಳ ಬೆನ್ನು ತಟ್ಟುತ್ತ. "ನಾಳೆ ಗುರುವಾರ. ಅವ್ವ ಹೋಳಿಗಿ ಮಾಡ್ತಾಳ, ನೀನೂ ಬಾ."